ಸುಳ್ಳಿನ ಡಂಗುರವೂ ಮತದಾರನ ವಿವೇಕವೂ

ಸುಳ್ಳು ಪ್ರಚಾರವನ್ನು ತೂಗಿ ನೋಡುವ ಶಕ್ತಿ ಸಾಮಾನ್ಯ ಮತದಾರನಿಗೆ ಉಂಟೇ ಎಂಬುದು ವಿಚಾರಣೀಯವಾದ ಪ್ರಶ್ನೆ. ಭೀಮರಾಯನಗುಡಿಯ ಸುತ್ತಣ ಶಹಾಪುರ, ಸುರಪುರ ಸೀಮೆಗಳು 1948ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿದ್ದುವು. ಆ ರಾಜ್ಯದ ಚರಿತ್ರೆಯಲ್ಲಿಯೇ ಇದಕ್ಕೆ ಉತ್ತರವಿದೆ.

ರಜಾಕಾರರ ಮುಖಂಡನಾದ ಕಾಸಿಂ ರಜ್ವಿಯು ದಿಲ್ಲಿಯ ಕೆಂಪುಕೋಟೆಯ ಮೇಲೆ ಆಸಫಜಾಹಿ ಬಾವುಟವು ಹಾರುವುದೆಂದು ಸಾರುತ್ತಿದ್ದನು. ಭಾರತದೊಡನೆ ಸೇರುವುದೇ ಲೇಸೆಂದು ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯಲ್ಲಿ ಬರೆದ ಶೋಯೆಬುಲ್ಲಾ ಖಾನರು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಗೀಡಾದರು. ಜನರಿಗೆ ವಿವೇಚನೆಯೇ ಇಲ್ಲದಿದ್ದರೆ ಒಂದು ಪತ್ರಿಕೆಗೆ ಅಷ್ಟು ಅಂಜಿಕೆ ಏತಕ್ಕೆ? ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕಿತು. 17ರಂದು ನಿಜಾಮರು ಮಣಿದರು. ಡಂಗುರವು ಐದೇ ದಿನಗಳಲ್ಲಿ ಅಡಗಿತು.

1952ರಲ್ಲಿ ಇದೇ ಪ್ರಜೆಗಳು ಮೊದಲ ವಿಧಾನಸಭೆಯನ್ನು ಆರಿಸಿದರು. ಬಹುಮಂದಿಗೆ ಅಕ್ಷರ ಬಾರದು. ಆದುದರಿಂದ ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಚಿಹ್ನೆ. 175 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 93 ಬಂದುವು. ನಿಷೇಧಕ್ಕೊಳಗಾಗಿದ್ದ ಕಮ್ಯುನಿಸ್ಟರು ಕೂಡಿದ್ದ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟಿಗೆ, ಮುಖ್ಯವಾಗಿ ತೆಲಂಗಾಣದಿಂದ, 42. ಸರಕಾರವು ಬೇಡವೆಂದವರನ್ನು ಜನರು ಕಣ್ಣುಮುಚ್ಚಿ ತಳ್ಳಿಹಾಕಲಿಲ್ಲ.

ಇದರಿಂದ ಮತದಾರನು ಎಂದೂ ಮೋಸಹೋಗನೆಂದು ಹೇಳುವಂತಿಲ್ಲ. ಒಂದೇ ಬಾಯಿ ಮಾತನಾಡುವೆಡೆಯಲ್ಲಿ ಪಂಡಿತನೂ ಮರುಳಾದಾನು. ಎದುರುಮಾತಿಗೆ ಎಡೆಯಿರುವಲ್ಲಿ ಓದುಬಾರದ ಒಕ್ಕಲಿಗನೂ ಕಾಳು–ಜೊಳ್ಳುಗಳನ್ನು ಬೇರ್ಪಡಿಸಬಲ್ಲನು. ಇಂದು ಸುಳ್ಳು ಅಂಗೈಯೊಳಗಣ ಫೋನಿನಲ್ಲಿಯೇ ಬರುತ್ತಿದೆ. ಆದರೂ ಕಾಯಬೇಕಾದುದು ಮತದಾರನ ಕಿವಿಯನ್ನಲ್ಲ, ಎದುರು ಹೇಳುವವನ ಕೊರಳನ್ನು.