ಕೃಷ್ಣಾತೀರದ ವಿಪತ್ತುಗಳು ಮತ್ತು ಸೇನಾ ಎಂಜಿನಿಯರರು: ನಾರಾಯಣಪೇಟೆ, ಮಕ್ತಲ್, ಗದ್ವಾಲ

ತೆಲಂಗಾಣದ ನಾರಾಯಣಪೇಟೆ ಮತ್ತು ಜೋಗುಳಾಂಬ ಗದ್ವಾಲ ಜಿಲ್ಲೆಗಳು ಕೃಷ್ಣಾ ನದಿ ಕರ್ನಾಟಕವನ್ನು ಬಿಟ್ಟು ಹೊರಬೀಳುವ ಜಾಗದಲ್ಲಿವೆ. ಮಕ್ತಲಿನ ಪಶ್ಚಿಮಕ್ಕೆ ತಂಗಿಡಿಯ ಬಳಿ ಭೀಮೆ ಬಂದು ಕೃಷ್ಣೆಯನ್ನು ಕೂಡುತ್ತದೆ. ಎಡದಂಡೆ ತೆಲಂಗಾಣ, ಎದುರು ದಂಡೆ ರಾಯಚೂರು. ಎರಡೂ ಕಡೆ ಕನ್ನಡ, ತೆಲುಗು ಎರಡೂ ಕೇಳಿಸುತ್ತವೆ. ಗದ್ವಾಲ, ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದವು. ಇಲ್ಲಿ ನೆರೆ ಬರಲು ಇಲ್ಲಿಯೇ ಮಳೆಯಾಗಬೇಕೆಂದಿಲ್ಲ. ಸಹ್ಯಾದ್ರಿಯಲ್ಲಿ ಸುರಿದ ನೀರು ಆಲಮಟ್ಟಿ, ನಾರಾಯಣಪುರ ಜಲಾಶಯಗಳನ್ನು ದಾಟಿ ಒಂದು ಕಡೆಯಿಂದ, ಉಜ್ಜನಿ ಜಲಾಶಯದಿಂದ ಬಿಟ್ಟ ನೀರು ಭೀಮೆಯಲ್ಲಿ ಇನ್ನೊಂದು ಕಡೆಯಿಂದ ಬರುತ್ತದೆ. ಎರಡೂ ಒಂದೇ ದಿನ ಬಂದರೆ ಗದ್ವಾಲದ ಸಮೀಪದ ಜುರಾಲಾ ಜಲಾಶಯದಲ್ಲಿ ಅಷ್ಟನ್ನು ಹಿಡಿದಿಡಲು ಎಡೆಯಿಲ್ಲ; ಬಂದಷ್ಟನ್ನೂ ಕೆಳಗೆ ಬಿಡಲೇಬೇಕು. ನೆರೆ ಇಲ್ಲದ ವರ್ಷಗಳಲ್ಲಿ ಇದೇ ನೆಲ ಬರಕ್ಕೆ ಸಿಕ್ಕುತ್ತದೆ. ಈ ಎರಡು ಸಂಕಟಗಳಲ್ಲಿ ಸೇನೆಯ ಎಂಜಿನಿಯರರು ಮೊದಲು ಕೈಹಾಕಿದ್ದು ಬರಕ್ಕೆ, ನೆರೆಗಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಕಂಪನಿ ಸರ್ಕಾರದಲ್ಲಿ ಕೆರೆ, ಕಾಲುವೆ, ಸೇತುವೆಗಳ ಕೆಲಸ ಬಹುಮಟ್ಟಿಗೆ ಸೇನಾಧಿಕಾರಿಗಳ ಕೈಯಲ್ಲಿತ್ತು. ಲೋಕೋಪಯೋಗಿ ಇಲಾಖೆ ಬೇರೆಯಾದದ್ದು 1850ರ ದಶಕದಲ್ಲಿ. ಮದ್ರಾಸ್ ಎಂಜಿನಿಯರ್ಸ್ ದಳದ ಆರ್ಥರ್ ಕಾಟನ್ 1847ರಿಂದ 1852ರವರೆಗೆ ಗೋದಾವರಿಗೆ ಅಣೆಕಟ್ಟು ಕಟ್ಟಿಸಿದರು. ಅದರ ಬೆನ್ನಿಗೇ ವಿಜಯವಾಡದಲ್ಲಿ ಕೃಷ್ಣೆಗೂ ಅಣೆಕಟ್ಟು ಬಂತು. ಇವುಗಳ ಹಿಂದೆ 1832–33ರ ಗುಂಟೂರು ಕ್ಷಾಮದ ನೆನಪಿತ್ತು. ನಾರಾಯಣಪೇಟೆಗೆ ಹತ್ತಿರದ ಉದಾಹರಣೆ ಸುರಪುರದ್ದು. ನಿಜಾಮನ ಸೇನೆಯ ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಆ ಸಂಸ್ಥಾನದ ಆಡಳಿತ ನೋಡಿಕೊಂಡು, ಬೋನಾಳ ಮತ್ತು ಕಚಕನೂರಿನ ಕೆರೆಗಳ ಕೆಲಸ ಮಾಡಿಸಿದರು. ಟೇಲರ್ ಎಂಜಿನಿಯರ್ ದಳದವರಲ್ಲ. ಅಳತೆಯನ್ನೂ ಕಟ್ಟಡದ ಕೆಲಸವನ್ನೂ ತಾವೇ ಕಲಿತವರು. ಕನ್ನಡಿಗರು ಅವರನ್ನು ಕಾದಂಬರಿಕಾರರೆಂದು ನೆನೆಯುವುದೇ ಹೆಚ್ಚು, ಆದರೆ ಬೋನಾಳದ ಕೆರೆ ಇಂದಿಗೂ ಇದೆ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದನ್ನು ಮುಳುಗಿಸಿ ಸಾವಿರಾರು ಜನರನ್ನು ಕೊಂದಾಗ ನಿಜಾಮ್ ಸರ್ಕಾರ ಕರೆಸಿದ್ದು ಸೇನೆಯ ಎಂಜಿನಿಯರನ್ನಲ್ಲ, ಮುಂಬಯಿ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದ್ದ ಎಂ. ವಿಶ್ವೇಶ್ವರಯ್ಯನವರನ್ನು. ನೆರೆ ತಡೆಯಲು ಅವರು ಸೂಚಿಸಿದ ಜಲಾಶಯಗಳೇ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳಾದವು. ಅಷ್ಟು ಹೊತ್ತಿಗೆ ವಿಪತ್ತನ್ನು ಮೊದಲೇ ತಡೆಯುವ ಕೆಲಸ ಬಹುಮಟ್ಟಿಗೆ ನಾಗರಿಕ ಇಲಾಖೆಗಳಿಗೆ ಹೋಗಿತ್ತು. ಸೇನಾ ಎಂಜಿನಿಯರರಿಗೆ ಉಳಿದದ್ದು ಅನಾಹುತವಾದ ಮೇಲಿನ ಕೆಲಸ.

ದಕ್ಷಿಣದಲ್ಲಿ ಆ ಕೆಲಸಕ್ಕೆ ಮುಖ್ಯವಾಗಿ ಬರುವುದು ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಹಾಗೂ ಸಿಕಂದರಾಬಾದಿನ ಸೇನಾ ನೆಲೆಯ ಎಂಜಿನಿಯರ್ ರೆಜಿಮೆಂಟ್. 1780ರಲ್ಲಿ ಹುಟ್ಟಿದ ಮದ್ರಾಸ್ ಗ್ರೂಪಿನವರನ್ನು ಸೇನೆಯಲ್ಲಿ 'ತಂಬಿಗಳು' ಎಂದೇ ಕರೆಯುತ್ತಾರೆ. ನದಿ ದಾಟುವುದು, ಮುರಿದ ದಾರಿಯನ್ನು ಮತ್ತೆ ಜೋಡಿಸುವುದು, ಸಿಡಿಮದ್ದಿನಿಂದ ಅಡ್ಡಿ ತೆಗೆಯುವುದು, ಕುಡಿಯುವ ನೀರನ್ನು ಶುದ್ಧಮಾಡಿ ಕೊಡುವುದು ಇವರಿಗೆ ಯುದ್ಧಕ್ಕೆಂದೇ ಕಲಿಸಿದ ವಿದ್ಯೆ. ನೆರೆಯಲ್ಲಿ ಬೇಕಾಗುವುದೂ ಇದೇ. ಹೀಗಾಗಿ ವಿಪತ್ತಿನ ಸಿದ್ಧತೆಯೆಂದು ಇವರು ಮಾಡುವ ಹೆಚ್ಚಿನದು ಮಾಮೂಲು ತಾಲೀಮೇ: ಮೋಟಾರು ದೋಣಿ, ಪಂಪು, ಜೆಸಿಬಿ, ಸೇತುವೆಯ ಬಿಡಿಭಾಗಗಳು ಲಾರಿ ಏರಲು ತಯಾರಿರಬೇಕು, ಮಳೆಗಾಲಕ್ಕೆ ಮುನ್ನ ತಂಡ ಗೊತ್ತುಮಾಡಿರಬೇಕು. ಇಂಥ ತಂಡಕ್ಕೆ 'ಎಂಜಿನಿಯರ್ ಟಾಸ್ಕ್ ಫೋರ್ಸ್' ಎನ್ನುತ್ತಾರೆ.

ಆದರೆ ಸೇನೆ ತಾನಾಗಿ ಬರುವಂತಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಮೊದಲ ಹೊಣೆ ಜಿಲ್ಲಾಡಳಿತದ್ದು. ಕಂದಾಯ ಇಲಾಖೆ, ಪೊಲೀಸರು, ಅಗ್ನಿಶಾಮಕ ದಳ, ಆಮೇಲೆ ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಗಳು. ಅಷ್ಟರಿಂದಲೂ ಸಾಲದು ಎಂದಾಗ ನಾಗರಿಕ ಆಡಳಿತ ಸೇನೆಯನ್ನು ಕೋರುತ್ತದೆ. ಗಡಿಭಾಗದಲ್ಲಿ ಒಂದು ತೊಡಕಿದೆ. ನದಿ ಒಂದೇ, ಕೋರಿಕೆ ಎರಡು: ರಾಯಚೂರಿನದು ಬೆಂಗಳೂರಿಗೆ ಹೋಗುತ್ತದೆ, ಗದ್ವಾಲದ್ದು ಹೈದರಾಬಾದಿಗೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕ ಮತ್ತು ರಾಯಲಸೀಮೆಯ ಮೇಲೆ ಬಿದ್ದ ಮಳೆ ಈ ಪ್ರದೇಶ ಕಂಡ ಅತಿ ದೊಡ್ಡ ನೆರೆಗಳಲ್ಲಿ ಒಂದನ್ನು ತಂದಿತು. ತುಂಗಭದ್ರೆ ಉಕ್ಕಿ ಮಂತ್ರಾಲಯ, ಆಲಂಪುರ, ಕರ್ನೂಲು ಮುಳುಗಿದವು. 19 ಲಕ್ಷ ಕ್ಯೂಸೆಕ್ಸ್ ಹರಿವಿಗೆಂದು ಕಟ್ಟಿದ ಶ್ರೀಶೈಲ ಅಣೆಕಟ್ಟಿಗೆ 25 ಲಕ್ಷಕ್ಕೂ ಹೆಚ್ಚು ನುಗ್ಗಿತು. ಕರ್ನಾಟಕದಲ್ಲೇ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಕರ್ನಾಟಕದಲ್ಲೂ ಅಂದಿನ ಆಂಧ್ರಪ್ರದೇಶದಲ್ಲೂ ಭೂಸೇನೆ ಇಳಿಯಿತು, ವಾಯುಪಡೆಯ ಹೆಲಿಕಾಪ್ಟರುಗಳು ಹಾರಿದವು. 2019ರ ಆಗಸ್ಟಿನಲ್ಲಿ ಕೃಷ್ಣೆ ಮತ್ತೆ ಮೇರೆ ಮೀರಿದಾಗ ಬೆಳಗಾವಿಯಿಂದ ರಾಯಚೂರಿನವರೆಗೆ ಸೇನಾ ತಂಡಗಳು ಬಂದವು. ಅದೇ ತಿಂಗಳು ತುಂಗಭದ್ರೆಯ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಹೊರತಂದರು. ಅಲ್ಲಿ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿತ್ತು.

ಜನರನ್ನು ದೋಣಿಯಲ್ಲಿ ಕರೆತರುವುದನ್ನು ಬೇರೆ ಪಡೆಗಳೂ ಮಾಡುತ್ತವೆ. ಎಂಜಿನಿಯರರ ನಿಜವಾದ ಕಸುಬು ಕಾಣುವುದು ಆಮೇಲೆ. 2024ರ ಸೆಪ್ಟೆಂಬರಿನಲ್ಲಿ ವಿಜಯವಾಡವನ್ನು ಮುಳುಗಿಸಿದ ಬುಡಮೇರು ಹೊಳೆಯ ಏರಿ ಒಡೆದಿದ್ದಾಗ, ತಂತಿಬಲೆಯ ಬುಟ್ಟಿಗಳಿಗೆ ಕಲ್ಲು ತುಂಬಿ ಅದನ್ನು ಮುಚ್ಚಲು ಸೇನೆ ನೆರವಾಯಿತು. ಅದಕ್ಕೂ ಮುನ್ನ, ಅದೇ ವರ್ಷ ವಯನಾಡಿನಲ್ಲಾದ ಭೂಕುಸಿತದ ಬಳಿಕ ಮದ್ರಾಸ್ ಗ್ರೂಪಿನವರು ಮೇಜರ್ ಸೀತಾ ಶೆಳ್ಕೆ ಅವರ ಮುಂದಾಳತ್ವದಲ್ಲಿ ಚೂರಲ್‌ಮಲೆಯಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ಕ್ಕೆ ಮುಗಿಸಿದ್ದರು. 24 ಟನ್ ಭಾರ ಹೊರುವ ಸೇತುವೆ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಡೊನಾಲ್ಡ್ ಬೈಲಿ ರೂಪಿಸಿದ ಈ ಸೇತುವೆಯ ಒಂದೊಂದು ಉಕ್ಕಿನ ಚೌಕಟ್ಟು ಹತ್ತು ಅಡಿ ಉದ್ದ, ಐದು ಅಡಿ ಎತ್ತರ. ಆರು ಜನ ಎತ್ತಬಲ್ಲಷ್ಟು ಭಾರ. ಕ್ರೇನ್ ಬೇಡ. ಒಂದು ದಡದಲ್ಲೇ ಜೋಡಿಸುತ್ತ, ಉರುಳೆಗಳ ಮೇಲೆ ಮುಂದಕ್ಕೆ ತಳ್ಳುತ್ತ ಆಚೆ ದಡ ಮುಟ್ಟಿಸುತ್ತಾರೆ. ಗುಡ್ಡಗಾಡಿನ ಹೊಳೆಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಕೃಷ್ಣೆಯ ಪಾತ್ರದ ಅಗಲಕ್ಕೆ ಮಾತ್ರ ಇದು ಸಾಲದು.

ಇಂಥ ಪರಿಣತಿಗೂ ಮಿತಿಯಿದೆ. 2025ರ ಫೆಬ್ರವರಿ 22ರಂದು ನಾರಾಯಣಪೇಟೆ, ಗದ್ವಾಲಗಳಂತೆಯೇ ಹಳೆಯ ಮಹಬೂಬನಗರ ಜಿಲ್ಲೆಯ ಭಾಗವಾಗಿದ್ದ ನಾಗರಕರ್ನೂಲಿನಲ್ಲಿ, ಶ್ರೀಶೈಲದ ಹಿನ್ನೀರನ್ನು ಒಯ್ಯಲು ಕೊರೆಯುತ್ತಿದ್ದ ಸುರಂಗ ಕುಸಿಯಿತು. ಸುಮಾರು 14 ಕಿಲೋಮೀಟರ್ ಒಳಗೆ ನೀರು, ಕೆಸರು ನುಗ್ಗಿ ಎಂಟು ಮಂದಿ ಸಿಕ್ಕಿಬಿದ್ದರು. ಸಿಕಂದರಾಬಾದಿನ ಬೈಸನ್ ಡಿವಿಷನ್ನಿನ ಎಂಜಿನಿಯರ್ ತಂಡ, ವಿಪತ್ತು ಪಡೆಗಳು, ಸಿಂಗರೇಣಿ ಗಣಿಯವರು ಸೇರಿ ವಾರಗಟ್ಟಲೆ ದುಡಿದರೂ ಒಬ್ಬರೂ ಜೀವಂತವಾಗಿ ಸಿಗಲಿಲ್ಲ.

ಮಕ್ತಲ್–ಗದ್ವಾಲ ಸೀಮೆಯಲ್ಲಿ ಪ್ರತಿ ನೆರೆಗೂ ಮೊದಲು ಸುದ್ದಿಯಾಗುವುದು ನದಿಯ ನಡುಗಡ್ಡೆಗಳು: ರಾಯಚೂರಿನ ಕುರುವಕಲಾ, ಕುರುವಕುರ್ದಾ, ದತ್ತ ಸಂಪ್ರದಾಯದ ಶ್ರೀಪಾದ ಶ್ರೀವಲ್ಲಭರ ಕುರವಪುರ, ಗದ್ವಾಲದ ಗುರ್ರಂಗಡ್ಡ. ಜುರಾಲಾದ ಗೇಟುಗಳು ಎದ್ದರೆ ಗುರ್ರಂಗಡ್ಡಕ್ಕೆ ಹೊರಜಗತ್ತಿನ ನಂಟು ತಪ್ಪುತ್ತದೆ. ಹರಿಗೋಲು ಹಾಕುವಂತಿಲ್ಲ, ಗರ್ಭಿಣಿಯರನ್ನೂ ರೋಗಿಗಳನ್ನೂ ದಾಟಿಸುವುದೇ ದೊಡ್ಡ ಪಾಡು. ಮೇಲಿನ ಜಲಾಶಯಗಳಿಂದ ನೀರು ಬಿಡುವ ಸುದ್ದಿ ಬೇಗ ಬಂದರೆ ಜನರನ್ನು ಮೊದಲೇ ಸ್ಥಳಾಂತರಿಸಬಹುದು, ತಡವಾದರೆ ದೋಣಿ, ಹೆಲಿಕಾಪ್ಟರು. ವರ್ಷವರ್ಷವೂ ಗೊತ್ತಿದ್ದೇ ಬರುವ ಈ ಸಂಕಟಕ್ಕೆ ಸೇನೆಯನ್ನು ಪರಿಹಾರವೆಂದು ಎಣಿಸುವುದು ತಪ್ಪು; ನಡುಗಡ್ಡೆಗಳಿಗೆ ಕಾಯಂ ಸೇತುವೆ ಕಟ್ಟಿಸುವುದು ಎರಡೂ ರಾಜ್ಯ ಸರ್ಕಾರಗಳ ಕೆಲಸ.