ಚೀಟಿಗಳ ಕೊಟ್ಟಿಗೆ

ನಿಘಂಟು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಒಬ್ಬ ಪಂಡಿತ, ಒಂದು ಮೇಜು, ನಡುರಾತ್ರಿಯವರೆಗೆ ಉರಿಯುವ ಒಂದು ದೀಪ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮಟ್ಟಿಗೆ ಈ ಚಿತ್ರ ಅರ್ಧ ಸತ್ಯ. ಅದರಲ್ಲಿ ಪಾಂಡಿತ್ಯಕ್ಕೆ ಎಷ್ಟು ಪಾಲಿದೆಯೋ ಅಂಚೆಯವನ ಚೀಲಕ್ಕೂ ಅಷ್ಟೇ ಪಾಲಿದೆ. ಸಂಬಳವಿಲ್ಲದೆ, ಪರಸ್ಪರ ಮುಖ ಕಾಣದೆ, ಸಮುದ್ರದ ಈಚೆಗೂ ಆಚೆಗೂ ಇದ್ದ ಸಾವಿರಾರು ಜನ ಸುಮಾರು 70 ವರ್ಷಗಳ ಅವಧಿಯಲ್ಲಿ ದುಡಿದು ಅದನ್ನು ಕಟ್ಟಿದರು. ಈಗ ಕಚೇರಿಗಳಲ್ಲಿ ನಾಯಕತ್ವ, ಸಂವಹನ, ತಂಡ ಕಟ್ಟುವುದು ಎಂಬ ಮಾತುಗಳು ಬಹಳವಾಗಿ ಕೇಳಿಬರುತ್ತವೆ. ಅವನ್ನು ಕಲಿಸಲು ಎರಡು ದಿನದ ಶಿಬಿರಗಳೂ ನಡೆಯುತ್ತವೆ. ಆ ಶಿಬಿರಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಆಜ್ಞೆ ಮಾಡುವ ಅಧಿಕಾರವೇ ಇಲ್ಲದವನೊಬ್ಬ ಅಪರಿಚಿತರಿಂದ ಅಚ್ಚುಕಟ್ಟಾದ ಕೆಲಸ ಪಡೆದದ್ದು ಹೇಗೆಂದು ತಿಳಿಯಬೇಕಾದರೆ, ಜೇಮ್ಸ್ ಮರ್ರೆ ಎಂಬ ಶಾಲಾಮಾಸ್ತರನ ಕಬ್ಬಿಣದ ಕೊಟ್ಟಿಗೆಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು.

ಕಥೆ ಆರಂಭವಾಗುವುದು 1857ರಲ್ಲಿ. ಲಂಡನ್ನಿನ ಭಾಷಾಶಾಸ್ತ್ರ ಸಂಘದ ಮುಂದೆ ರಿಚರ್ಡ್ ಟ್ರೆಂಚ್ ಎಂಬ ಧರ್ಮಗುರು ಎರಡು ಪ್ರಬಂಧಗಳನ್ನು ಓದಿ, ಅಲ್ಲಿಯವರೆಗಿನ ನಿಘಂಟುಗಳ ಕೊರತೆಗಳನ್ನು ಎತ್ತಿ ತೋರಿಸಿದ. ನಿಘಂಟುಕಾರ ಭಾಷೆಗೆ ನ್ಯಾಯಾಧೀಶನಲ್ಲ, ಚರಿತ್ರಕಾರ ಎಂಬುದು ಅವನ ನಿಲುವು. ಶಬ್ದವೊಂದು ಎಂದು ಹುಟ್ಟಿತು, ಹೇಗೆ ಬೆಳೆಯಿತು, ಯಾವಾಗ ಬಳಕೆ ತಪ್ಪಿತು ಎಂಬುದನ್ನು ಗ್ರಂಥಗಳಲ್ಲಿನ ಪ್ರಯೋಗಗಳಿಂದಲೇ ತೋರಿಸಬೇಕು. ಹೇಳುವುದೇನೋ ಸುಲಭ. ಹಾಗೆ ಮಾಡಬೇಕಾದರೆ ಇಂಗ್ಲಿಷಿನಲ್ಲಿ ಬಂದ ಪುಸ್ತಕಗಳನ್ನೆಲ್ಲ ಯಾರಾದರೂ ಓದಬೇಕಲ್ಲ! ಒಬ್ಬನಿಗೆ ಹತ್ತು ಜನ್ಮಕ್ಕೂ ಮುಗಿಯದ ಕೆಲಸ ಅದು. ಆದ್ದರಿಂದ ಓದುವ ಹವ್ಯಾಸವುಳ್ಳ ಸಾಮಾನ್ಯ ಜನರನ್ನೇ ಕರೆದು, ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಹಂಚಿ, ಪ್ರಯೋಗಗಳನ್ನು ಚೀಟಿಯ ಮೇಲೆ ಬರೆದು ಕಳುಹಿಸಿರೆಂದು ಕೇಳಿಕೊಳ್ಳುವುದೆಂದಾಯಿತು. ಮೊದಲ ಸಂಪಾದಕ ಹರ್ಬರ್ಟ್ ಕೋಲ್ರಿಜ್, ಕವಿ ಕೋಲ್ರಿಜನ ಮೊಮ್ಮಗ. ಚೀಟಿಗಳನ್ನಿಡಲು 54 ಗೂಡುಗಳ ಕಪಾಟು ಮಾಡಿಸಿಕೊಂಡ. 1861ರಲ್ಲಿ, ಮೂವತ್ತರ ಹರೆಯದಲ್ಲೇ ಕ್ಷಯದಿಂದ ತೀರಿಕೊಂಡ.

ಅವನ ಬಳಿಕ ಬಂದವನು ಫ್ರೆಡರಿಕ್ ಫರ್ನಿವಾಲ್. ನಮ್ಮ ಪ್ರತಿಯೊಂದು ಸಂಘಸಂಸ್ಥೆಯಲ್ಲೂ ಇಂಥವನೊಬ್ಬ ಇರುತ್ತಾನೆ. ಓದುಗರು ಈಗಾಗಲೇ ತಮ್ಮ ಊರಿನವನನ್ನು ನೆನೆದುಕೊಂಡಿರಬಹುದು. ಉತ್ಸಾಹದ ಬುಗ್ಗೆ. ಕಂಡವರನ್ನೆಲ್ಲ ಕೆಲಸಕ್ಕೆ ಹಚ್ಚುವವನು. ಹಚ್ಚಿದ ಮೇಲೆ ಮರೆತುಬಿಡುವವನು. 1864ರಲ್ಲಿ ಹಳೆಯ ಇಂಗ್ಲಿಷ್ ಗ್ರಂಥಗಳನ್ನು ಅಚ್ಚು ಮಾಡಿಸುವ ಸಂಘ, 1868ರಲ್ಲಿ ಚಾಸರ್ ಕವಿಯ ಹೆಸರಿನ ಸಂಘ, ಹೀಗೆ ಒಂದಾದ ಮೇಲೊಂದು ಹುಟ್ಟುಹಾಕುತ್ತಲೇ ಹೋದ. ನಿಘಂಟಿನ ಅಕ್ಷರಗಳನ್ನು ಊರೂರಿನ ಉಪಸಂಪಾದಕರಿಗೆ ಹಂಚಿಕೊಟ್ಟ. ಯಾರ ಬಳಿ ಏನಿದೆ ಎಂಬ ಲೆಕ್ಕವನ್ನು ಮಾತ್ರ ಸರಿಯಾಗಿ ಇಡಲಿಲ್ಲ. ವರ್ಷಗಳು ಕಳೆದಂತೆ ಚೀಟಿ ಕಳುಹಿಸುತ್ತಿದ್ದವರ ಉಮೇದು ಇಳಿಯಿತು. ಫರ್ನಿವಾಲನನ್ನು ಗೇಲಿ ಮಾಡುವುದು ಸುಲಭ, ಮಾಡಿದವರೂ ಬಹಳ ಮಂದಿ. ನನಗೆ ಅದು ಪೂರಾ ನ್ಯಾಯವೆನಿಸುವುದಿಲ್ಲ. ಅವನ ಸಂಘಗಳು ಹಸ್ತಪ್ರತಿಗಳನ್ನು ಅಚ್ಚಿಗೆ ತರದಿದ್ದರೆ ಹಳೆಯ ಶಬ್ದಗಳಿಗೆ ಆಧಾರವೇ ಸಿಗುತ್ತಿರಲಿಲ್ಲ. ಮೇಲಾಗಿ, ಮರ್ರೆಯನ್ನು ಈ ಕೆಲಸಕ್ಕೆ ಎಳೆದು ತಂದವರಲ್ಲಿ ಮುಖ್ಯನೂ ಅವನೇ.

ಮರ್ರೆ ಸ್ಕಾಟ್ಲೆಂಡಿನ ಒಂದು ಹಳ್ಳಿಯ ದರ್ಜಿಯ ಮಗ. ಹುಟ್ಟಿದ್ದು 1837ರಲ್ಲಿ. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟ. ಮುಂದೆ ತನ್ನ ಸೀಮೆಯಲ್ಲೇ ಉಪಾಧ್ಯಾಯನಾಗಿ, ಆಮೇಲೆ ಲಂಡನ್ನಿನಲ್ಲಿ ಭಾರತ, ಆಸ್ಟ್ರೇಲಿಯಾ, ಚೀನಾಗಳ ಹೆಸರು ಹೊತ್ತ ಚಾರ್ಟರ್ಡ್ ಬ್ಯಾಂಕಿನ ಗುಮಾಸ್ತನಾಗಿ, 1870ರಿಂದ ಮಿಲ್ ಹಿಲ್ ಶಾಲೆಯ ಮಾಸ್ತರನಾಗಿ ಬಾಳಿದ. ಭಾಷೆಗಳನ್ನೆಲ್ಲ ತಾನಾಗಿಯೇ ಕಲಿತದ್ದು. 1879ರ ಮಾರ್ಚ್ 1ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದೊಡನೆ ಕರಾರು ಆಯಿತು: ಹತ್ತು ವರ್ಷಗಳಲ್ಲಿ ನಿಘಂಟು ಮುಗಿಯಬೇಕು.

ಬಳಿಕ ಫರ್ನಿವಾಲನ ಚೀಟಿಗಳು ಬಂದಿಳಿದವು. ತೂಕದಲ್ಲಿ ಎರಡು ಟನ್ನಿಗೆ ಸಮೀಪ. ಒಂದು ಮೂಟೆಯಲ್ಲಿ ಸತ್ತ ಹೆಗ್ಗಣ. ಇನ್ನೊಂದರಲ್ಲಿ ಮರಿಗಳೊಡನೆ ಸಂಸಾರ ಹೂಡಿದ್ದ ಇಲಿ. 'ಎಚ್' ಅಕ್ಷರ ಇಟಲಿಯ ಫ್ಲಾರೆನ್ಸ್ ನಗರದಲ್ಲಿತ್ತು. 'ಪಿಎ' ಎಂದು ಆರಂಭವಾಗುವ ಶಬ್ದಗಳ ಚೀಟಿಗಳಲ್ಲಿ ಅಷ್ಟಿಷ್ಟು ಐರ್ಲೆಂಡಿನ ಒಂದು ಕುದುರೆಲಾಯದಲ್ಲಿ ಸಿಕ್ಕವು. ಉಳಿದವು ಒಲೆ ಹೊತ್ತಿಸಲು ಹೋಗಿದ್ದವು. ಒಂದು ಭಾಷೆಯ ಚರಿತ್ರೆ ಸೌದೆಯ ಬದಲು ಉರಿದುಹೋಗುವುದೆಂದರೆ! ಓಲೆಗರಿಗಳ ಗತಿಯನ್ನು ಬಲ್ಲ ನಮಗೆ ಇದು ತೀರ ಹೊಸ ಸುದ್ದಿಯೇನಲ್ಲ.

ಮರ್ರೆ ಶಾಲೆಯ ಆವರಣದಲ್ಲಿ ತಗಡಿನ ಒಂದು ಕೊಟ್ಟಿಗೆ ಕಟ್ಟಿಸಿದ. ಹಿಂದೆ ಮಠಗಳಲ್ಲಿ ಗ್ರಂಥ ನಕಲು ಮಾಡುತ್ತಿದ್ದ ಕೋಣೆಯ ಹೆಸರನ್ನೇ, ಸ್ಕ್ರಿಪ್ಟೋರಿಯಂ ಎಂದು, ತುಸು ಗಂಭೀರವಾಗಿಯೂ ತುಸು ತಮಾಷೆಗೂ ಅದಕ್ಕಿಟ್ಟ. ಒಳಗೆ ಕೋಲ್ರಿಜನ 54 ಗೂಡುಗಳಲ್ಲ, 1,029 ಗೂಡುಗಳು. ಅನಂತರ ಸಾರ್ವಜನಿಕರಿಗೊಂದು ಮನವಿ ಬರೆದು 2,000 ಪ್ರತಿಗಳನ್ನು ಹಂಚಿದ. ಇಡೀ ನಿಘಂಟಿನ ಚರಿತ್ರೆಯಲ್ಲಿ ನನಗೆ ಅತ್ಯಂತ ಸ್ವಾರಸ್ಯದ ದಸ್ತಾವೇಜು ಈ ಮನವಿಯೇ. ಅದರಲ್ಲಿ ಭಾಷಾಭಿಮಾನದ ಭಾಷಣಕ್ಕಿಂತ ಕೆಲಸದ ವಿವರವೇ ಹೆಚ್ಚು. ಯಾವ ಶತಮಾನದ ಪುಸ್ತಕಗಳನ್ನು ಓದಿಯಾಗಿದೆ, ಯಾವುವು ಉಳಿದಿವೆ, ಹದಿನೆಂಟನೆಯ ಶತಮಾನಕ್ಕೆ ಹೇಗೆ ತುರ್ತಾಗಿ ಜನ ಬೇಕು ಎಂಬುದನ್ನು ಬಿಡಿಸಿ ಹೇಳಿದ. ಚೀಟಿಯ ಅಳತೆ ಎಷ್ಟು, ಶಬ್ದವನ್ನು ಯಾವ ಮೂಲೆಯಲ್ಲಿ ಬರೆಯಬೇಕು, ವರ್ಷ, ಲೇಖಕ, ಪುಟ ಎಲ್ಲಿರಬೇಕು ಎಂಬುದೂ ತಿಳಿಯುವಂತಿತ್ತು. ಸಹಾಯ ಮಾಡಿರೆಂದು ಕೂಗುವವರು ಎಲ್ಲ ಕಾಲದಲ್ಲೂ ಉಂಟು. ಬಂದವನ ಕೈಗೆ ಇಂಥದೇ ಕೆಲಸವೆಂದು ಎತ್ತಿಕೊಡುವವರು ಕಡಿಮೆ.

ಹೀಗೆ ಬಿಡಿಸಿ ಹೇಳಬೇಕಾದ ಅಗತ್ಯ ಮರ್ರೆಗೆ ಹಳೆಯ ಚೀಟಿಗಳಿಂದಲೇ ಮನದಟ್ಟಾಗಿತ್ತು. ಮೊದಲಿನ ಓದುಗರು ಅಪರೂಪದ ಶಬ್ದ ಕಂಡೊಡನೆ ಹಿಗ್ಗಿ ಬರೆದು ಕಳುಹಿಸಿದ್ದರು. ದಿನಬಳಕೆಯ ಮಾತುಗಳನ್ನು ದಾಟಿ ಹೋಗಿದ್ದರು. 'ಅಬ್ಯೂಜನ್' ಎಂಬ, ಯಾರೂ ಆಡದ ಶಬ್ದಕ್ಕೆ ಸುಮಾರು 50 ಚೀಟಿಗಳು; ಎಲ್ಲರ ಬಾಯಲ್ಲಿರುವ 'ಅಬ್ಯೂಸ್' ಶಬ್ದಕ್ಕೆ ಐದೂ ಇಲ್ಲ. ತಪ್ಪು ಓದುಗರದಲ್ಲ. ವಿಶೇಷವಾದುದನ್ನು ಹುಡುಕಿ ಎಂದರೆ ಜನ ವಿಶೇಷವಾದುದನ್ನೇ ಹುಡುಕುತ್ತಾರೆ. ಆದ್ದರಿಂದ ಹೊಸ ಮನವಿಯಲ್ಲಿ ಸಾಧಾರಣ ಶಬ್ದಗಳಿಗೂ ಆದಷ್ಟು ಪ್ರಯೋಗಗಳನ್ನು ಬರೆಯಿರಿ ಎಂಬ ಮಾತು ಸೇರಿತು. ಕೊರತೆ ಬಿದ್ದ ಕಡೆ ಸಂಪಾದಕನೂ ಸಹಾಯಕರೂ ಗಂಟೆಗಟ್ಟಲೆ ಕುಳಿತು ಸಾಮಾನ್ಯ ಮಾತುಗಳನ್ನು ಹುಡುಕಬೇಕಾಯಿತು.

ಚೀಟಿ ಕಳುಹಿಸಿದವರಿಗೆ ಮರ್ರೆ ಉತ್ತರ ಬರೆಯುತ್ತಿದ್ದ. ಶಬ್ದದ ಅರ್ಥ ತಿಳಿಯದಿದ್ದರೆ ಅದನ್ನು ಬಳಸಿದ ಲೇಖಕರಿಗೇ ಕಾಗದ ಹಾಕುತ್ತಿದ್ದ. ಜಾರ್ಜ್ ಎಲಿಯಟ್ ತನ್ನ ಕಾದಂಬರಿಯಲ್ಲಿ ಬಳಸಿದ ಒಂದು ಮಾತಿನ ಬಗ್ಗೆ ಆಕೆಯನ್ನೇ ಕೇಳಿದ. 1885ರ ಹೊತ್ತಿಗೆ ಸಂಸಾರ, ಚೀಟಿ ಎಲ್ಲ ಆಕ್ಸ್‌ಫರ್ಡಿಗೆ ಬಂದ ಮೇಲೆ ಅಂಚೆ ಇಲಾಖೆ ಅವನ ಮನೆಯ ಮುಂದೆಯೇ ಒಂದು ಟಪಾಲು ಪೆಟ್ಟಿಗೆ ನಿಲ್ಲಿಸಿತು. ಸಂಪುಟಗಳ ಮುನ್ನುಡಿಯಲ್ಲಿ ಸಹಾಯ ಮಾಡಿದವರ ಹೆಸರುಗಳನ್ನು ಅಚ್ಚು ಹಾಕಿಸಿ ಕೃತಜ್ಞತೆ ಸಲ್ಲಿಸಿದ.

ಆ ಹೆಸರುಗಳ ಹಿಂದಿನ ಮನುಷ್ಯರನ್ನು ನೋಡಬೇಕು. ಫಿಟ್ಜ್‌ಎಡ್ವರ್ಡ್ ಹಾಲ್ ಅಮೆರಿಕದವನು. ಕಾಶಿಯ ಸರ್ಕಾರಿ ಸಂಸ್ಕೃತ ಕಾಲೇಜಿನಲ್ಲಿ ಪಾಠ ಹೇಳಿದವನು. ಬಳಿಕ ಇಂಗ್ಲೆಂಡಿನ ವಿದ್ವಾಂಸರೊಡನೆ ಜಗಳವಾಗಿ, ಸಫೋಕ್ ಸೀಮೆಯ ಹಳ್ಳಿಯೊಂದರಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದ. ಅಂಥ ಮುನಿಸಿನ ಮನುಷ್ಯ ಸುಮಾರು 20 ವರ್ಷ ದಿನಕ್ಕೆ ನಾಲ್ಕು ಗಂಟೆಯಂತೆ ನಿಘಂಟಿನ ಕರಡು ತಿದ್ದಿದ. ಮರ್ರೆಯನ್ನು ಒಮ್ಮೆಯೂ ಕಾಣಲಿಲ್ಲ. ಎಡಿತ್ ಥಾಂಪ್ಸನ್ ಶಾಲಾ ಮಕ್ಕಳಿಗೆ ಇಂಗ್ಲೆಂಡಿನ ಚರಿತ್ರೆ ಬರೆದ ಲೇಖಕಿ. ಆಕೆಯೂ ಸೋದರಿ ಎಲಿಜಬೆತಳೂ ಸೇರಿ ಸುಮಾರು 15,000 ಪ್ರಯೋಗಗಳನ್ನು ಕಳುಹಿಸಿದರು. ಎಡಿತ್ ಕರಡುಗಳನ್ನೂ ಓದಿದಳು. ಡಾಕ್ಟರ್ ಮೈನರನ ಕಥೆ ಸಿನಿಮಾ ಆಗಿ ಈಗ ಹೆಚ್ಚು ಜನಕ್ಕೆ ಗೊತ್ತು: ಚಿತ್ತಭ್ರಮೆಯಲ್ಲಿ 1872ರಲ್ಲಿ ಲಂಡನ್ನಿನ ಬಡ ಕಾರ್ಮಿಕನೊಬ್ಬನನ್ನು ಗುಂಡಿಟ್ಟು ಕೊಂದು, ಬ್ರಾಡ್‌ಮೂರ್ ಆಶ್ರಯಧಾಮದಲ್ಲಿ ಬಂದಿಯಾಗಿದ್ದ ಅಮೆರಿಕದ ಸೇನಾವೈದ್ಯ. ಅವನ ದುರಂತವನ್ನು ಹೇಳುವವರು ಅವನ ಕೆಲಸದ ಕ್ರಮವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಇತರರು ಸಿಕ್ಕಿದ್ದನ್ನು ಕಳುಹಿಸಿದರೆ, ಅವನು ತನ್ನ ಪುಸ್ತಕಗಳಿಗೆಲ್ಲ ಸೂಚಿ ಮಾಡಿಟ್ಟುಕೊಂಡು, ಈಗ ನೀವು ಯಾವ ಶಬ್ದದ ಮೇಲಿದ್ದೀರಿ, ನಿಮಗೆ ಏನು ಬೇಕು ಎಂದು ಕೊಟ್ಟಿಗೆಯನ್ನೇ ಕೇಳುತ್ತಿದ್ದ. ಬೇಕಾದುದು ಬೇಕಾದ ವಾರದಲ್ಲಿ ಬರುತ್ತಿತ್ತು. ಎಷ್ಟು ಕಚೇರಿಗಳಲ್ಲಿ ಎಷ್ಟು ಜನ ಈ ಪ್ರಶ್ನೆ ಕೇಳುತ್ತಾರೆ?

ದೂರದವರೊಡನೆ ಇಷ್ಟು ಚೆನ್ನಾಗಿ ವ್ಯವಹರಿಸಿದವನಿಗೆ ಹತ್ತಿರದವರೊಡನೆ ಅದೇ ಹದ ಸಿಗಲಿಲ್ಲ. ಆಕ್ಸ್‌ಫರ್ಡಿನ ಕೊಟ್ಟಿಗೆಯನ್ನು, ನೆರೆಯವರ ನೋಟಕ್ಕೆ ಅಡ್ಡ ಬರಬಾರದೆಂದು, ನೆಲದಲ್ಲಿ ಸ್ವಲ್ಪ ಹೂತು ಕಟ್ಟಬೇಕಾಯಿತು. ಚಳಿ, ತೇವ ಎರಡೂ ಒಳಗೇ. ಮನೆಯ ಹನ್ನೊಂದು ಮಕ್ಕಳೂ ಪುಡಿಗಾಸಿಗೆ ಚೀಟಿ ವಿಂಗಡಿಸಿ ಬೆಳೆದವರು. ಸಹಾಯಕರು ಸಿದ್ಧಪಡಿಸಿದ್ದನ್ನು ತಾನೇ ಮತ್ತೆ ತಿದ್ದದೆ ಅವನು ಅಚ್ಚಿಗೆ ಬಿಡುತ್ತಿರಲಿಲ್ಲ. ಗುಣ ಹೌದು, ದೋಷವೂ ಹೌದು. 1884ರ ಜನವರಿಯಲ್ಲಿ 352 ಪುಟಗಳ ಮೊದಲ ಕಂತು ಹೊರಬಿದ್ದಾಗ ಕರಾರಿನ ಅರ್ಧ ಕಾಲ ಕಳೆದಿತ್ತು. ನಿಘಂಟು 'ಎ' ಅಕ್ಷರವನ್ನೂ ಮುಗಿಸದೆ 'ಆಂಟ್', ಎಂದರೆ ಇರುವೆಯವರೆಗೆ ಬಂದಿತ್ತು. ಇರುವೆಯ ವೇಗವೆಂದು ಅಧಿಕಾರಿಗಳು ನಗಲಿಲ್ಲ, ಕೆರಳಿದರು.

ಅದಕ್ಕೂ ಮೊದಲೇ, 1883ರಲ್ಲಿ, ವಿಶ್ವವಿದ್ಯಾಲಯದ ಉಪಕುಲಪತಿ ಬೆಂಜಮಿನ್ ಜೋವೆಟ್ ಮರ್ರೆಯ ಮುನ್ನುಡಿಯನ್ನು ತಾನೇ ತಿದ್ದಿ ಬರೆದಿದ್ದ. ಪತ್ರಿಕೆಗಳಿಂದ ಪ್ರಯೋಗಗಳನ್ನು ತೆಗೆದುಕೊಳ್ಳಬೇಡಿ ಎಂಬ ಸಲಹೆಯೂ ಬಂತು. ರಾಜೀನಾಮೆ ಕೊಡುವೆನೆಂದು ಮರ್ರೆ ಪಟ್ಟು ಹಿಡಿದ. ಕೊನೆಗೆ ಹಿಂಜರಿದವರು ಅಧಿಕಾರಿಗಳೇ. ಆದರೆ ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಹತ್ತು ವರ್ಷ ಸಾಲದೆಂಬುದು ಮರ್ರೆಗೆ ಚೀಟಿಗಳ ಮೂಟೆ ಬಿಚ್ಚಿದ ಕೆಲಕಾಲದಲ್ಲೇ ಹೊಳೆದಿರಬೇಕು. ಅದನ್ನು ಹಣ ಹಾಕುವವರ ಮುಂದೆ ಮೊದಲೇ ಬಿಚ್ಚಿ ಹೇಳಿದ್ದರೆ ಮುಂದಿನ ಎಷ್ಟೋ ಕಹಿ ತಪ್ಪುತ್ತಿತ್ತೆಂದು ನನಗೆ ತೋರುತ್ತದೆ. ಓದುಗರಿಗೆ ಅಷ್ಟು ಸ್ಪಷ್ಟವಾಗಿ ಬರೆದ ಲೇಖನಿ ಮೇಲಿನವರಿಗೆ ಬರೆಯುವಾಗ ಬಿಗಿದುಕೊಳ್ಳುತ್ತಿತ್ತು.

ಕೆಲಸ ಚುರುಕಾಗಲೆಂದು ಇನ್ನೊಬ್ಬ ಸಂಪಾದಕನನ್ನು ನೇಮಿಸಿದರು. ಇವನು ಹೆನ್ರಿ ಬ್ರಾಡ್ಲಿ. ಶೆಫೀಲ್ಡಿನ ಚಾಕುಕತ್ತರಿ ವ್ಯಾಪಾರಿಗಳಲ್ಲಿ ಗುಮಾಸ್ತನಾಗಿದ್ದು, ಮರ್ರೆಯಂತೆಯೇ ಸ್ವಂತವಾಗಿ ಓದಿ ಬೆಳೆದವನು. ಮೊದಲ ಕಂತಿನ ಬಗ್ಗೆ ಬ್ರಾಡ್ಲಿ ಬರೆದ ವಿಮರ್ಶೆಯನ್ನು ನೋಡಿಯೇ ಮರ್ರೆ ಅವನನ್ನು ಗುರುತಿಸಿದ್ದು. ತನ್ನ ಕೆಲಸದ ತಪ್ಪು ತೋರಿಸಬಲ್ಲವನನ್ನು ಒಳಗೆ ಕರೆದುಕೊಳ್ಳುವ ದೊಡ್ಡತನ ಆ ಕಟುಸ್ವಭಾವದವನಲ್ಲಿ ಇತ್ತು. ಆಮೇಲೆ ಕ್ರೇಗಿ, ಆನಿಯನ್ಸ್ ಎಂಬಿಬ್ಬರು ಸೇರಿದರು.

ಎಷ್ಟು ಎಚ್ಚರ ವಹಿಸಿದರೂ ಒಂದು ಶಬ್ದ ಜಾರಿಹೋಯಿತು: 'ಬಾಂಡ್‌ಮೇಡ್', ಎಂದರೆ ತೊತ್ತು. ಅದರ ಚೀಟಿಗಳು ಎಲ್ಲೋ ಸಂದಿಯಲ್ಲಿ ಬಿದ್ದು, ಆ ಭಾಗ ಅಚ್ಚಾದ ಮೇಲೆ ಬಯಲಾದವು. ಅದು ಸೇರಿದ್ದು 1933ರ ಪುರವಣಿಯಲ್ಲಿ.

ನಮ್ಮ ನಿಘಂಟುಗಳ ಚರಿತ್ರೆ ಓದುವವರಿಗೆ ಇದೆಲ್ಲ ದೂರದ ಮಾತಲ್ಲ. ಆಕ್ಸ್‌ಫರ್ಡಿನವರು 'ಸಿ' ಮುಗಿಸಿ ಸ್ವಲ್ಪ ಮುಂದೆ ಹೋಗಿದ್ದ 1894ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಮಾತ್ರ, ಶಾಸನ ಕಾವ್ಯಗಳ ಪ್ರಯೋಗಗಳನ್ನು ಆಧರಿಸಿ, ಆಕ್ಸ್‌ಫರ್ಡಿನ ದಾರಿಯನ್ನೇ ಹಿಡಿಯಿತು. ಮೊದಲ ಸಂಪುಟ 1970ರಲ್ಲಿ. ಎಂಟನೆಯದು, ಕೊನೆಯದು, 1995ರಲ್ಲಿ. ಆ ಕೆಲಸಕ್ಕೆ ಹೆಗಲು ಕೊಟ್ಟಿದ್ದ ಡಿ.ಎಲ್. ನರಸಿಂಹಾಚಾರ್ಯರು 1971ರಲ್ಲೇ ತೀರಿಕೊಂಡರು. ಇಂಥ ಕೆಲಸದ ಕೊನೆಯ ಪುಟ ನೋಡುವ ಭಾಗ್ಯ ಆರಂಭಿಸಿದವರಿಗೆ ಬರುವುದು ಅಪರೂಪ.

ಮರ್ರೆಗೂ ಬರಲಿಲ್ಲ. 1908ರಲ್ಲಿ 'ಸರ್' ಪದವಿ ಬಂತು. ಆಕ್ಸ್‌ಫರ್ಡ್ ಗೌರವ ಡಾಕ್ಟರೇಟ್ ಕೊಟ್ಟದ್ದು 1914ರಲ್ಲಿ, ತನ್ನ ಊರಿನಲ್ಲೇ ಅವನು ಸುಮಾರು 30 ವರ್ಷ ದುಡಿದ ಮೇಲೆ. 1915ರ ಜುಲೈ 26ರಂದು, 'ಟಿ' ಅಕ್ಷರದ ಕೆಲಸದಲ್ಲಿದ್ದಾಗ ಸತ್ತ. 1923ರಲ್ಲಿ ಬ್ರಾಡ್ಲಿಯೂ ಹೋದ. ಗೂಡುಗಳ ಕ್ರಮ ಕೆಡಲಿಲ್ಲ. ಚೀಟಿ ಬರುವುದೂ ನಿಲ್ಲಲಿಲ್ಲ. 1928ರ ಏಪ್ರಿಲಿನಲ್ಲಿ ಕೊನೆಯ ಕಂತು ಬಂದಾಗ ಪುಟಗಳು 15,490. ವಿವರಿಸಿದ ಶಬ್ದಗಳು 4,14,825. ಅಚ್ಚಾದ ಪ್ರಯೋಗಗಳು 18 ಲಕ್ಷಕ್ಕೂ ಹೆಚ್ಚು.

ಆ ವರ್ಷದ ಜೂನಿನಲ್ಲಿ ಲಂಡನ್ನಿನಲ್ಲಿ ದೊಡ್ಡ ಔತಣವಾಯಿತು. ಪ್ರಧಾನಮಂತ್ರಿ ಬಾಲ್ಡ್ವಿನ್ ಭಾಷಣ ಮಾಡಿದ. ಊಟದ ಮೇಜುಗಳಲ್ಲಿ ಕುಳಿತವರೆಲ್ಲ ಗಂಡಸರೇ. ಹೆಂಗಸರಿಗೆ ಅಲ್ಲಿ ಎಲೆ ಹಾಕಿರಲಿಲ್ಲ. ಎಡಿತ್ ಥಾಂಪ್ಸನ್‌ಗೆ ಆಗ ಎಂಬತ್ತು ವರ್ಷದ ಹತ್ತಿರ ಹತ್ತಿರ. ಆಕೆ ಇನ್ನೂ ಬದುಕಿದ್ದಳು.