ಸಂತೆಯ ಸಣ್ಣ ಚಾಕು: ಬಾಳಿಕೆ ಅರಿಯುವುದು ಹೇಗೆ?

ಗೋಕಾಕ: ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ಭಾಗದ ಸಂತೆಗಳಲ್ಲಿ ಕುಡುಗೋಲು, ಕುರ್ಪಿ, ಕೊಡಲಿಗಳ ಪಕ್ಕದಲ್ಲಿ ಗೋಣಿತಟ್ಟಿನ ಮೇಲೆ ಹರಡಿದ ಸಣ್ಣ ಚಾಕುಗಳು ಕಣ್ಣಿಗೆ ಬೀಳುತ್ತವೆ. ಮಡಚಲು ಬಾರದ, ಗೇಣುದ್ದವೂ ಇಲ್ಲದ, ಕಪ್ಪು ಬೆನ್ನಿನ ಈ ಚಾಕುಗಳು ಕಮ್ಮಾರರ ಕುಲುಮೆಯಲ್ಲಿ ಸಿದ್ಧವಾದವು. ನಾಲ್ಕು ಹೆಜ್ಜೆ ಮುಂದಿಟ್ಟರೆ ಪ್ಲಾಸ್ಟಿಕ್ ಹಿಡಿಯ, ಕನ್ನಡಿಯಂತೆ ಹೊಳೆಯುವ ಸ್ಟೀಲ್ ಚಾಕುಗಳ ಸಾಲು. ಹಿಡಕಲ್ ಜಲಾಶಯದ ನೀರುಣ್ಣುವ ಈ ಕಬ್ಬು, ಮೆಕ್ಕೆಜೋಳ, ತರಕಾರಿಯ ಸೀಮೆಯಲ್ಲಿ ಒಂದೇ ಚಾಕು ಬೆಳಿಗ್ಗೆ ಅಡುಗೆಮನೆಯಲ್ಲಿಯೂ ಮಧ್ಯಾಹ್ನ ಹೊಲದಲ್ಲಿಯೂ ದುಡಿಯಬೇಕಾಗುತ್ತದೆ. ಹೀಗಾಗಿ ಆಯ್ಕೆ ತಪ್ಪಿದರೆ ಹಣ ಮಾತ್ರವಲ್ಲ, ಬೆರಳಿಗೂ ಅಪಾಯ ಉಂಟು.

ಕೊಳ್ಳುವ ದಿನದ ಹೊಳಪಾಗಲಿ ಹರಿತವಾಗಲಿ ಚಾಕುವಿನ ಯೋಗ್ಯತೆಯನ್ನು ಹೇಳುವುದಿಲ್ಲ. ಸಾಣೆಗೆ ಹಿಡಿದರೆ ಮೆತ್ತನೆಯ ಕಬ್ಬಿಣದ ಪಟ್ಟಿಯೂ ಒಂದು ದಿನದ ಮಟ್ಟಿಗೆ ಕಾಗದ ಕತ್ತರಿಸೀತು. ನೋಡಬೇಕಾದುದು ಎರಡೇ: ಉಕ್ಕಿಗೆ ಕೊಟ್ಟ ಹದ ಮತ್ತು ಅಲಗು ಹಿಡಿಯೊಳಗೆ ಕುಳಿತ ಬಗೆ.

ಆಯಸ್ಕಾಂತದ ಪರೀಕ್ಷೆ

ಕಮ್ಮಾರರು ಅಲಗಿಗೆ ಸಾಮಾನ್ಯವಾಗಿ ಬಳಸುವುದು ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿಯನ್ನು. ಇದರಲ್ಲಿ ಸುಮಾರು ಶೇ 0.5ರಿಂದ 0.6ರಷ್ಟು ಇಂಗಾಲವಿದ್ದು, ಕಾಯಿಸಿ ಅದ್ದಿದಾಗ ಚೆನ್ನಾಗಿ ಗಟ್ಟಿಯಾಗುತ್ತದೆ. ಕಿಟಕಿಯ ಸರಳು, ಪೆಟ್ಟಿಗೆಯ ಪಟ್ಟಿಗಳಂತಹ ಸಾದಾ ಕಬ್ಬಿಣದಲ್ಲಿ ಇಂಗಾಲ ಶೇ 0.25ಕ್ಕಿಂತ ಕಡಿಮೆ, ಅದನ್ನು ಎಷ್ಟು ಕಾಯಿಸಿದರೂ ಅಲಗಿಗೆ ಬೇಕಾದ ಗಡಸುತನ ಬಾರದು. ಈ ನೆಲದ ಉಕ್ಕಿನ ಕೀರ್ತಿ ಹಳೆಯದು. ಯುರೋಪಿನ ವಿದ್ವಾಂಸರು ಬಳಸಿದ ‘ವೂಟ್ಸ್’ ಎಂಬ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಬಂದಿತೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಆದರೆ ಲಾರಿಯ ಪಟ್ಟಿಗೂ ಆ ಉಕ್ಕಿಗೂ ಸಂಬಂಧವಿಲ್ಲ ಎಂಬುದನ್ನೂ ಹೇಳಬೇಕು.

ಸ್ಟೇನ್‌ಲೆಸ್ ಚಾಕುವಾದರೆ ಒಂದು ಆಯಸ್ಕಾಂತ ಸಾಕು. ಶೇ 13ರಷ್ಟು ಕ್ರೋಮಿಯಂ ಇರುವ, ಗಟ್ಟಿಗೊಳಿಸಬಹುದಾದ ಸ್ಟೀಲಿಗೆ ಆಯಸ್ಕಾಂತ ಬಲವಾಗಿ ಅಂಟಿಕೊಳ್ಳುತ್ತದೆ. ಪಾತ್ರೆ ಮಾಡುವ ನಿಕ್ಕಲ್ ಮಿಶ್ರಿತ ಸ್ಟೀಲಿಗೆ ಅಂಟುವುದಿಲ್ಲ; ಅದಕ್ಕೆ ಕಾಯಿಸಿ ಹದ ಹಾಕಲು ಬರುವುದಿಲ್ಲ. ಅಂಟಿದ ಮಾತ್ರಕ್ಕೆ ಚಾಕು ಒಳ್ಳೆಯದೆಂದು ಭಾವಿಸಬೇಕಿಲ್ಲ, ಅಂಟದಿದ್ದರೆ ಮಾತ್ರ ಖಂಡಿತ ಕೊಳ್ಳಬಾರದು.

ಹದ ಹಾಕುವುದು ಎರಡು ಹಂತದ ಕೆಲಸ. ಅಲಗನ್ನು 800ರಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಂಪಗೆ ಕಾಯಿಸಿ ಎಣ್ಣೆ ಅಥವಾ ನೀರಿನಲ್ಲಿ ಅದ್ದಿದಾಗ ಅದು ಗಾಜಿನಂತೆ ಗಡಸಾಗುತ್ತದೆ, ಗಾಜಿನಂತೆಯೇ ಮುರಿಯುತ್ತದೆ. ಆದ್ದರಿಂದ ಮತ್ತೆ 200ರಿಂದ 250 ಡಿಗ್ರಿಗೆ, ಉಜ್ಜಿದ ಭಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ, ಕಾಯಿಸಬೇಕು. ಮೊದಲನೆಯದು ತಪ್ಪಿದರೆ ಬಾಯಿ ಮಡಚುತ್ತದೆ, ಎರಡನೆಯದು ತಪ್ಪಿದರೆ ಬಾಯಿ ಹಾರುತ್ತದೆ. ಮಾರುವವರು ಒಪ್ಪಿದರೆ ಹಿಡಿಯ ಹತ್ತಿರದ ಬಾಯಿಯ ಮೇಲೆ ಸಣ್ಣ ಅರವನ್ನು ಮೆಲ್ಲಗೆ ಎಳೆದು ನೋಡಬಹುದು. ಅರ ಸಲೀಸಾಗಿ ಕಚ್ಚಿ ಪುಡಿ ಉದುರಿದರೆ ಅಲಗು ಮೆತ್ತಗಿದೆ; ಜಾರಿದರೆ ಅಥವಾ ಕಷ್ಟಪಟ್ಟು ಹಿಡಿದರೆ ಹದ ಬಿದ್ದಿದೆ ಎಂದು ತಿಳಿಯಬಹುದು.

ಮೊದಲು ಸೋಲುವುದು ಹಿಡಿ

ಅಗ್ಗದ ಚಾಕುಗಳಲ್ಲಿ ಅಲಗಿಗಿಂತ ಮೊದಲು ಕೈಕೊಡುವುದು ಹಿಡಿಯೇ. ಈ ವರದಿಗಾರ ಕೊಂಡ ಹೊಳಪಿನ ಚಾಕುವೊಂದು ಮೂರನೆಯ ವಾರ ಕುಂಬಳಕಾಯಿಯಲ್ಲಿಯೇ ಅಲಗನ್ನು ಬಿಟ್ಟು ಬರಿಯ ಹಿಡಿಯನ್ನು ಕೈಗೆ ಕೊಟ್ಟಿತು. ಒಳಗೆ ನೋಡಿದರೆ ಅಲಗಿನ ಬಾಲ ಹೆಬ್ಬೆರಳಿನ ಅರ್ಧದಷ್ಟೂ ಇರಲಿಲ್ಲ.

ಬಾಲವು ಹಿಡಿಯ ಉದ್ದಕ್ಕೂ ಹಾಯ್ದು ಎರಡು ಮೂರು ರಿವೆಟ್‌ಗಳಿಂದ ಬಿಗಿದಿದ್ದರೆ ಅದಕ್ಕಿಂತ ಭದ್ರವಾದುದಿಲ್ಲ. ಚೂಪಾದ ಬಾಲವನ್ನು ಜಾಲಿ ಕಟ್ಟಿಗೆಗೆ ಹೊಡೆದು ಕೂರಿಸಿದ ಚಾಕುವಾದರೆ ಬಾಯಲ್ಲಿ ಲೋಹದ ಬಳೆ, ಅಂದರೆ ಅಣಸು, ಇರಲೇಬೇಕು. ಇಲ್ಲವಾದರೆ ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಸೀಳುತ್ತದೆ. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಅಲಗನ್ನು ಹಿಡಿದು ಎಡಬಲಕ್ಕೆ ಅಲುಗಾಡಿಸಬೇಕು. ಕೂದಲೆಳೆಯಷ್ಟು ಸಡಿಲ ಕಂಡರೂ ಬೇರೆಯದನ್ನು ಕೇಳುವುದು ಲೇಸು.

ಕಡಿಮೆ ಬೆಲೆಯಿದ್ದರೆ ಬಾಳಿಕೆ ಬಾರದು ಎಂಬುದೂ ಸರಿಯಲ್ಲ. 1891ರಿಂದ ಚಾಕು ತಯಾರಿಸುತ್ತಿರುವ ಸ್ವೀಡನ್ನಿನ ಮೋರಾ ಊರಿನ ಸಾದಾ ಚಾಕುವಿಗೆ ಸುಮಾರು 10 ಸೆಂ.ಮೀ. ಅಲಗು, ಪ್ಲಾಸ್ಟಿಕ್ ಹಿಡಿ. ಬಾಲ ಕೂಡ ಪೂರ್ತಿ ಉದ್ದದ್ದಲ್ಲ. ಆದರೂ ಬಡಗಿಗಳೂ ಮೀನುಗಾರರೂ ಅದನ್ನು ನೆಚ್ಚಿದ್ದಾರೆ. ಕಾರಣ, ಅಲ್ಲಿ ಉಳಿತಾಯ ಮಾಡಿರುವುದು ಅಂದದಲ್ಲಿ, ಹದದಲ್ಲಿ ಅಲ್ಲ.

ಕುಲುಮೆಯ ಚಾಕುವಿಗೆ ಇನ್ನೊಂದು ಅನುಕೂಲವಿದೆ. ಬಾಯಿ ಹಾರಿದರೆ ಮತ್ತೆ ಹಣಿಸಿ ಹದ ಹಾಕಿಸಬಹುದು, ಹಿಡಿ ಸೀಳಿದರೆ ಹೊಸದು ಕೂರಿಸಬಹುದು. 60 ರೂಪಾಯಿಯ ಚಾಕುವನ್ನು ವರ್ಷಕ್ಕೆ ಮೂರು ಬಾರಿ ಕೊಳ್ಳುವವರು ಐದು ವರ್ಷಕ್ಕೆ 900 ರೂಪಾಯಿ ತೆರುತ್ತಾರೆ. 200 ರೂಪಾಯಿಯ ಚಾಕುವನ್ನು ವರ್ಷಕ್ಕೊಮ್ಮೆ 30 ರೂಪಾಯಿ ಕೊಟ್ಟು ಸರಿಪಡಿಸಿಕೊಂಡರೆ ಅದೇ ಅವಧಿಗೆ 350 ರೂಪಾಯಿ. ಊರಿನ ಕುಲುಮೆ ಆರಿಹೋದರೆ ಈ ಲೆಕ್ಕವೂ ಉಳಿಯುವುದಿಲ್ಲ.

ಸಾಣೆಯ ವಿಷಯದಲ್ಲಿ ಎಚ್ಚರ ಅಗತ್ಯ. ನೀರು ಮುಟ್ಟಿಸದೆ ಚಕ್ರಕ್ಕೆ ಒತ್ತಿ ಹಿಡಿದಾಗ ತೆಳುವಾದ ಬಾಯಿ ನೀಲಿಗಟ್ಟಿದರೆ ಅಲ್ಲಿ ಶಾಖ 300 ಡಿಗ್ರಿಗೆ ಏರಿ ಹದ ಇಳಿದಿದೆ ಎಂದರ್ಥ. ಹೊಸ ಚಾಕುವಿನ ಮೊನೆಯಲ್ಲಿಯೂ ಈ ನೀಲಿ ಇದೆಯೇ ಎಂದು ನೋಡಬೇಕು. ಮನೆಯಲ್ಲಿ ನೆನೆಸಿದ ಕಲ್ಲಿನ ಮೇಲೆ, ಪ್ರತಿ ಬದಿಗೆ ಸುಮಾರು 20 ಡಿಗ್ರಿ ಓರೆಯಲ್ಲಿ ಮಸೆಯುವುದು ಕ್ಷೇಮ. ನಿಂಬೆ, ಹುಣಸೆ ತಾಕಿ ಅಲಗು ಕಪ್ಪಾದರೆ ಗಾಬರಿ ಬೇಡ. ಕೆಂಪು ತುಕ್ಕು ಮಾತ್ರ ಶತ್ರು. ತೊಳೆದೊಡನೆ ಒರೆಸಿ ತುಸು ಕೊಬ್ಬರಿ ಎಣ್ಣೆ ಸವರಿದರೆ ಸಾಕು.

ಊರಿಂದ ಕೊಂಡೊಯ್ಯುವ ನಗರವಾಸಿಗಳಿಗೆ ಕಾನೂನಿನ ಮಾತು: 1959ರ ಶಸ್ತ್ರಾಸ್ತ್ರ ಕಾಯ್ದೆಯು ಕೇವಲ ಗೃಹ ಹಾಗೂ ಕೃಷಿ ಬಳಕೆಗೆಂದೇ ರೂಪಿಸಿದ ವಸ್ತುಗಳನ್ನು ಶಸ್ತ್ರವೆಂದು ಪರಿಗಣಿಸುವುದಿಲ್ಲ. ಆದರೂ ಬಸ್ಸಿನಲ್ಲಿ ಒಯ್ಯುವಾಗ ಅಲಗಿಗೆ ದಪ್ಪ ರಟ್ಟು ಸುತ್ತಿ ಚೀಲದ ತಳದಲ್ಲಿ ಇಡುವುದು ಒಳಿತು. ವಿಮಾನದಲ್ಲಾದರೆ ಕೈಚೀಲಕ್ಕೆ ಅವಕಾಶವಿಲ್ಲ.